ಪರದೇಶದ ಪೇಟೆಯಲ್ಲಿ ಕರಿ ಎಳ್ಳು

ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಮತ್ತೆ ಮತ್ತೆ ನೀರು ಬದಲಾಯಿಸಿ ತೊಳೆಯುತ್ತಿದ್ದೆ. ಆಗ ನಾವಿದ್ದ ಒಮಾನಿನ ಊರಿನ ಸೊಪ್ಪಿನಲ್ಲಿ ಮಣ್ಣಿರುವುದಿಲ್ಲ, ಮರಳಿರುತ್ತದೆ. ಎಷ್ಟು ತೊಳೆದರೂ ಚಟ್ನಿಯಲ್ಲಿ ಎಲ್ಲೋ ಒಂದು ಕಡೆ ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಫೋನು ಬಂದಾಗ ಕೈ ಒದ್ದೆ. ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು, ಮತ್ತೆ ಬಂತು. ಭದ್ರಾವತಿಯ ಜನ್ನಾಪುರದಿಂದ ನನ್ನ ಓರಗಿತ್ತಿ. ಬೆಳಗಿನ ಕೆಲಸದ ಹೊತ್ತಿನಲ್ಲಿ ಅವರು ಫೋನು ಮಾಡುವವರಲ್ಲ. ಹೆಸರು ನೋಡಿದ ಕೂಡಲೇ ನಲ್ಲಿ ನಿಲ್ಲಿಸಿ ಫೋನು ಎತ್ತಿದೆ.

"ಒಬ್ಳೇ ಇದೀಯಾ? ಕೂತ್ಕೊ ಮೊದ್ಲು," ಅಂದರು.

"ಹೇಳಿ ಅಕ್ಕ."

"ಅತ್ತೆ ಹೋಗ್ಬಿಟ್ರು ಕಣೇ. ಬೆಳಿಗ್ಗೆ ಕಾಫಿ ಕುಡಿದ್ರು, ಲೋಟ ತೊಳೆದು ಬೋರಲು ಹಾಕಿದ್ರು, ಬಂದು ಮಲಗಿದ್ರು. ತಿಂಡಿಗೆ ಎಬ್ಬಿಸಕ್ಕೆ ಹೋದ್ರೆ ಮೈ ತಣ್ಣಗಿತ್ತು."

ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ, ತಮ್ಮ ಲೋಟ ತಾವೇ ತೊಳೆದಿಟ್ಟು ಹೋದರು. ಅಂಥ ಸಾವು ಕೇಳಿಕೊಂಡರೂ ಸಿಗುವುದಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು ಅಂದುಕೊಂಡೆ. ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಅರ್ಧ ತೊಳೆದ ಸೊಪ್ಪು ಸಿಂಕಿನಲ್ಲಿ ತೇಲುತ್ತಿತ್ತು.

ಸಾವಿನ ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಹಾಕಿಕೊಳ್ಳಬೇಕು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ, ಕೈ ಸುಡುವ ನೀರು ಬಂತು. ಒಮಾನಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕೇ ಹಂಡೆ. ತಣ್ಣೀರು ಬೇಕಾದರೆ ಗೀಸರಿನ ಸ್ವಿಚ್ಚು ಹಾಕದೆ, ಅದರೊಳಗೆ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಬಿಟ್ಟುಕೊಳ್ಳಬೇಕು. ಆ ದೇಶದಲ್ಲಿ ನನಗೆ ಎಲ್ಲವೂ ಹೀಗೆ ತಿರುಗಾಮುರುಗಾ. ಒಂದು ಚೊಂಬು ತಲೆ ಮೇಲೆ ಸುರಿದುಕೊಳ್ಳುವುದಕ್ಕೂ ಯೋಚನೆ ಮಾಡಬೇಕಾಗಿತ್ತು.

ಒದ್ದೆ ಸೀರೆಯಲ್ಲಿ ನಿಂತಿರುವಾಗಲೇ ಗ್ಯಾಸಿನವನು ಬಾಗಿಲು ಬಡಿದ. ಸ್ವಲ್ಪವೇ ತೆರೆದು, ಖಾಲಿ ಸಿಲಿಂಡರು ಹೊರಗಿದೆ, ತುಂಬಿದ್ದನ್ನು ಅಲ್ಲೇ ಇಡು ಎಂದು ಕೈಸನ್ನೆ ಮಾಡಿದೆ. ಯಾರ ಹತ್ತಿರವಾದರೂ ಹೇಳಬೇಕು ಅನ್ನಿಸುತ್ತಿತ್ತು. ಗ್ಯಾಸಿನವನಿಗೆ ಹೇಳಿ ಏನು ಮಾಡಲಿ?

ನಮ್ಮ ಮನೆಯವರಿಗೆ ಹೇಳಬೇಕಾಗಿತ್ತು, ಆಗುವಂತಿರಲಿಲ್ಲ. ಅವರು ಕಬ್ಬಿಣದ ರೋಲಿಂಗ್ ಮಿಲ್ಲಿನಲ್ಲಿ ಕ್ರೇನ್ ಆಪರೇಟರು. ಒಳಗೆ ಹೋಗುವಾಗ ಫೋನು ಲಾಕರಿನಲ್ಲಿಡಬೇಕು. ಭದ್ರಾವತಿಯಲ್ಲಿ ಗುತ್ತಿಗೆ ಕೆಲಸ ಮುಗಿದ ಮೇಲೆ ಅದೇ ಕೈಗೆಲಸ ನಂಬಿಕೊಂಡು ಅಲ್ಲಿಗೆ ಹೋದವರು. ಮಗಳ ಮದುವೆ ಮುಗಿಸಿ ನಾನೂ ಹೋಗಿ ಸೇರಿಕೊಂಡಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ತಪ್ಪದೆ ಫೋನು ಮಾಡುತ್ತಿದ್ದರು. ಅಲ್ಲಿಯತನಕ ಆ ಸುದ್ದಿಯನ್ನು ನಾನೊಬ್ಬಳೇ ಇಟ್ಟುಕೊಂಡು ಕೂತೆ.

"ಊಟ ಆಯ್ತಾ?" ಎಂದು ಮೊದಲು ಕೇಳಿದೆ. ಅನ್ನದ ಮುಂದೆ ಕೂತವರಿಗೆ ಇಂಥದ್ದು ಹೇಳಬಾರದು.

"ಆಯ್ತು. ಏನು, ಗ್ಯಾಸ್ ಬಂತಾ?"

"ಬಂತು. ರೀ... ಜನ್ನಾಪುರದಿಂದ ಅಕ್ಕ ಫೋನ್ ಮಾಡಿದ್ರು."

ಯಂತ್ರದ ಸದ್ದಿನಿಂದ ಅವರು ಈಚೆಗೆ ಬಂದರು.

"ಅಮ್ಮನಾ?" ಅಂದರು.

ನಮ್ಮ ಗ್ರಹಚಾರಕ್ಕೆ ಆ ವಾರ ಅವರ ವೀಸಾ ನವೀಕರಣಕ್ಕೆ ಪಾಸ್‌ಪೋರ್ಟು ಹೋಗಿತ್ತು. ಅದು ವಾಪಸು ಬರದೆ ದೇಶ ಬಿಡುವಂತಿಲ್ಲ. ಮಿಲ್ಲಿನ ಮೇಲಿನವರು ಒಳ್ಳೆಯವರೇ, ಹತ್ತು ದಿನದೊಳಗೆ ಬರುವುದಿಲ್ಲ ಎಂದು ಅವರೂ ಕೈಚೆಲ್ಲಿದರು. ಜನ್ನಾಪುರದಲ್ಲಿ ಭಾವನವರೂ ಕಾಯುವಂತಿರಲಿಲ್ಲ. "ಎಷ್ಟೊತ್ತು ಅಂತ ಇಡೋದೋ? ಇವತ್ತೇ ಮುಗಿಸ್ತೀವಿ. ನೀನು ಅಲ್ಲೇ ಧೈರ್ಯವಾಗಿರು," ಅಂದರು. ಫೋನಿನಲ್ಲಿ ಮುಖ ತೋರಿಸಲಾ ಅಂತಲೂ ಕೇಳಿದರು. ಇವರು ಬೇಡ ಅಂದರು.

ಅತ್ತೆಗೆ ದೂರದ ಲೆಕ್ಕವೇ ಇರಲಿಲ್ಲ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ, "ಇನ್ನೇನು ಮಾರಾಯ್ತಿ, ಅಲ್ಲಿ ಹತ್ತೋದು, ಸೋಗಾನೇಲಿ ಇಳಿಯೋದು, ಆಟೋ ಹಿಡಿದ್ರೆ ಊಟದ ಹೊತ್ತಿಗೆ ಮನೇಲಿರ್ತೀರ," ಎನ್ನುತ್ತಿದ್ದರು. ನಡುವೆ ಬೆಂಗಳೂರು ಇದೆ, ವೀಸಾ ಇದೆ, ರಜೆ ಇದೆ ಅಂದರೆ, "ಅದೆಲ್ಲ ನಂಗೆ ಹೇಳ್ಬೇಡ," ಎಂದು ತಲೆ ಕೊಡವುತ್ತಿದ್ದರು.

ಸಂಜೆ ಕೆಲಸದಿಂದ ಬಂದು ಇವರೂ ತಲೆಗೆ ನೀರು ಹಾಕಿಕೊಂಡು ಚಾಪೆ ಮೇಲೆ ಕೂತರು. ಅಳಲಿಲ್ಲ. ನಾನು ಗಂಜಿ ಕೊಟ್ಟೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

"ಮುಖ ನೋಡ್ಲಿಲ್ಲ. ಹೆಗಲು ಕೊಡ್ಲಿಲ್ಲ. ಹತ್ತನೇ ದಿನದ ಎಳ್ಳುನೀರಾದ್ರೂ ನನ್ನ ಕೈಯಿಂದ ಸರಿಯಾಗಿ ಹೋಗ್ಬೇಕು ಕಣೇ. ಅದೂ ಆಗ್ಲಿಲ್ಲ ಅಂದ್ರೆ ನಾನು ಎಂಥಾ ಮಗ?"

ನಮ್ಮಲ್ಲಿ ಹತ್ತನೇ ದಿನ, ಕರ್ಮ ಮಾಡುವ ಹಿರಿಮಗನ ಜೊತೆಗೆ ಉಳಿದ ಮಕ್ಕಳೂ ತೀರಿಕೊಂಡವರ ಹೆಸರು ಹೇಳಿ ಎಳ್ಳು ಬೆರೆತ ನೀರು ಬಿಡುತ್ತಾರೆ. ಧರ್ಮೋದಕ ಅನ್ನುವುದು ಅದಕ್ಕೇ. ಭಾವನವರು ಭದ್ರಾ ನದಿಯ ದಂಡೆಯಲ್ಲಿ ಮಾಡುವಾಗ ಇವರು ಒಮಾನಿನಲ್ಲೇ ಫೋನು ಮುಂದಿಟ್ಟುಕೊಂಡು ಮಾಡಬಹುದು ಎಂದು ಜೋಯಿಸರು ಒಪ್ಪಿದರು. ಯಾವ ನೀರಾದರೂ ಗಂಗೆಯೇ, ದರ್ಭೆ ನಮ್ಮ ಪೂಜೆಯ ಡಬ್ಬಿಯಲ್ಲಿತ್ತು. ತರಬೇಕಾಗಿದ್ದು ಕರಿ ಎಳ್ಳು ಮಾತ್ರ.

"ಅದೇನು ಮಹಾ, ನಾನು ತರ್ತೀನಿ," ಅಂದೆ.

ಈಗ ನಾವು ಒಮಾನ್ ಬಿಟ್ಟು ಶಿವಮೊಗ್ಗಕ್ಕೆ ಬಂದು ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಇಲ್ಲಿ ಸಾಮಾನು ತರುವುದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಗೇಟಿನಲ್ಲಿ ನಿಂತು ಒಂದು ಕೂಗು ಹಾಕಿದರೆ ಎದುರಿನ ಅಂಗಡಿಯವರು, "ಏನಕ್ಕಾ, ತೊಗರಿಬೇಳೆನಾ?" ಎಂದು ಅವರೇ ಕೇಳುತ್ತಾರೆ. ಅಲ್ಲಿ ಹಾಗಲ್ಲ. ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿ, ಬಿಸಿಲು ಇಳಿದ ಮೇಲೆ ತೆಗೆಯುತ್ತಾರೆ. ಬೆಳಿಗ್ಗೆ ಮನೆಗೆಲಸ ಮುಗಿಸಿ ಹೊರಟರೆ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತಿರುತ್ತಿದ್ದೆ. ಫುಟ್‌ಪಾತಿನಲ್ಲಿ ನಡೆಯುವವರು ನಾವು ಕೆಲವರೇ. ಚಪ್ಪಲಿಯ ಅಡಿ ಮೆತ್ತಗಾಗಿ ಅಂಟುತ್ತಿತ್ತು. ದೊಡ್ಡ ಅಂಗಡಿಗೆ ಹೋದರೆ ಒಳಗೆ ಹಲ್ಲು ಕಟಕಟ ಅನ್ನುವ ಚಳಿ, ಅಕ್ಕಿಯದೇ ಒಂದು ಬೀದಿ. ಅಷ್ಟು ಅಕ್ಕಿಯ ನಡುವೆ ನಮ್ಮ ಅನ್ನಕ್ಕೆ ಒಗ್ಗುವ ಅಕ್ಕಿ ಹುಡುಕುವುದರಲ್ಲಿ ಕಾಲು ಬಿದ್ದುಹೋಗುತ್ತಿತ್ತು. ತೆಂಗಿನಕಾಯಿಯ ಜುಟ್ಟನ್ನೆಲ್ಲ ಬೋಳಿಸಿ ಇಡುತ್ತಿದ್ದರು, ದೇವರಿಗೆ ಬರುತ್ತಿರಲಿಲ್ಲ. ವೀಳ್ಯದೆಲೆ ಬರುವ ದಿನ ಗೊತ್ತಿದ್ದವರು ಮೊದಲೇ ಹೋಗಿ ಮುಗಿಸಿಬಿಡುತ್ತಿದ್ದರು. ಹಾಗಂತ ಬರೀ ದೂರುವುದೂ ಸರಿಯಲ್ಲ. ಕರಿಬೇವು ಮಾತ್ರ ನಮ್ಮೂರಿಗಿಂತ ಘಮಘಮ. ಕೇರಳದ ಒಬ್ಬರು ತರಕಾರಿ ಅಂಗಡಿಯಲ್ಲಿ ನನಗೆ ಕೂರಲು ಸ್ಟೂಲು ಕೊಡುತ್ತಿದ್ದರು, ಆ ಸ್ಟೂಲನ್ನು ಇವತ್ತಿಗೂ ನೆನೆಯುತ್ತೇನೆ.

ಸೂತಕದ ದಿನಗಳಲ್ಲಿ ದೇವರ ಮುಂದೆ ದೀಪವಿಲ್ಲ, ಗಂಟೆಯಿಲ್ಲ. ಮಿಲ್ಲಿಗೆ ಸೂತಕವಿಲ್ಲ, ಇವರು ದಿನಾ ಹೋಗಿ ಬರುತ್ತಿದ್ದರು. ನಾನು ಎಳ್ಳಿಗೆ ಹೊರಟೆ. ದೊಡ್ಡ ಅಂಗಡಿಯಲ್ಲಿ ಬಿಳಿ ಎಳ್ಳು ಬೇಕಾದಷ್ಟು, ಡಬ್ಬಿಯಲ್ಲಿ, ಪೊಟ್ಟಣದಲ್ಲಿ, ಹುರಿದದ್ದು, ಹುರಿಯದ್ದು. ಕರಿಯದು ಖಾಲಿ. ಸ್ಟೂಲು ಕೊಡುವವರನ್ನು ಕೇಳಿದರೆ, ಮುಂದಿನ ವಾರ ಬರುತ್ತದೆ ಅಂದರು. ಮುಂದಿನ ವಾರಕ್ಕೆ ಏನು ಮಾಡಲಿ? ಮತ್ತೊಂದು ದಿನ ಟ್ಯಾಕ್ಸಿಯಲ್ಲಿ ನಾಲ್ಕೈದು ಜನರ ಜೊತೆ ಒತ್ತಿಕೊಂಡು ಹಳೇ ಪೇಟೆಗೆ ಹೋದೆ. ಅಲ್ಲಿ ಸಾಂಬಾರ ಪದಾರ್ಥದ ಒಂದು ಕತ್ತಲೆ ಅಂಗಡಿ, ಬಾಯಿ ಬಿಚ್ಚಿದ ಚೀಲಗಳ ಸಾಲು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಆ ದೇಶದವರೇ, ವಯಸ್ಸಾದವರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನ ಹಿಂದಿ ಬಾರದು. ಮೂಲೆಯ ಚೀಲವೊಂದರಲ್ಲಿ ಸಣ್ಣ ಕಪ್ಪು ಕಾಳು ಕಂಡಿತು. ಕನ್ನಡಕ ಬ್ಯಾಗಿನ ತಳದಲ್ಲಿತ್ತು, ತೆಗೆಯುವಷ್ಟು ಸಾವಧಾನ ಇರಲಿಲ್ಲ. ಬೆರಳು ಮಾಡಿ ತೋರಿಸಿದೆ.

ಅವರು ಒಂದು ಚಿಟಿಕೆ ಅಂಗೈಗೆ ಹಾಕಿ ತಿಕ್ಕಿ, ಮೂಸಿ ನೋಡು ಎಂದು ನನ್ನ ಮುಖದ ಹತ್ತಿರ ಹಿಡಿದರು. ನಾನು ಹಾವು ಕಂಡವಳ ಹಾಗೆ ಹಿಂದೆ ಸರಿದೆ. ದೇವರಿಗಾಗಲಿ ಪಿತೃಗಳಿಗಾಗಲಿ ಕೊಡುವ ಪದಾರ್ಥವನ್ನು ಮೂಸುತ್ತಾರೆಯೇ? ಹೂವು ಮೂಸಿದರೆ ಪೂಜೆಗೆ ಬರುವುದಿಲ್ಲ, ನೈವೇದ್ಯದ ಅಡುಗೆಯ ಉಪ್ಪು ನೋಡುವಂತಿಲ್ಲ, ಚಿಕ್ಕಂದಿನಿಂದ ಹಾಗೇ ಬೆಳೆದವಳು. ಉಸಿರು ಹಿಡಿದು, ಬೇಡ ಬೇಡ, ಕಟ್ಟಿಕೊಡಿ ಎಂದು ಕೈಯಾಡಿಸಿದೆ. ಅವರು ನಕ್ಕು ಪೊಟ್ಟಣ ಕಟ್ಟಿದರು. ಮೇಲೊಂದು ಹಿಡಿ ಪುಕ್ಕಟೆ ಹಾಕಿ, ತಮ್ಮ ಹೊಟ್ಟೆ ಮುಟ್ಟಿಕೊಂಡರು, ಎದೆ ಮುಟ್ಟಿಕೊಂಡರು, ತಲೆ ಮುಟ್ಟಿಕೊಂಡು ಆಕಾಶಕ್ಕೆ ಕೈ ಎತ್ತಿದರು. ಸತ್ತವರ ಮನೆಯವಳು ಅಂತ ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು, ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿ ಬಂತು. ಕೈ ಮುಗಿದು ಬಂದೆ.

ಇಂಥ ಎಳ್ಳನ್ನು ಅಡುಗೆಮನೆಗೆ ಒಯ್ಯುವುದಿಲ್ಲ. ಬಾಲ್ಕನಿಯ ವಾಷಿಂಗ್ ಮೆಷಿನ್ನಿನ ಮೇಲೆ, ಕಟ್ಟಿದ ಪೊಟ್ಟಣ ಕಟ್ಟಿದ ಹಾಗೇ ಇಟ್ಟೆ.

ಹತ್ತನೇ ದಿನ ಇವರು ಮಧ್ಯಾಹ್ನದ ಪಾಳಿ ಕೇಳಿ ಪಡೆದಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಾಲ್ಕನಿಗೆ ಬಂದು ದಕ್ಷಿಣಕ್ಕೆ ಮುಖ ಮಾಡಿ ಕೂತರು. ಮುಂದೆ ಹಿತ್ತಾಳೆಯ ತಟ್ಟೆ, ನೀರು ತುಂಬಿದ ಚೊಂಬು. ಫೋನನ್ನು ಸೋಪಿನ ಪುಡಿಯ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಅದರೊಳಗೆ ಹೊಳೆ ಕಂಡಿತು, ತಲೆ ಬೋಳಿಸಿಕೊಂಡ ಭಾವನವರು ಕಂಡರು. ಗುರುತೇ ಸಿಗಲಿಲ್ಲ. ಜೋಯಿಸರ ದನಿ ಮಾತ್ರ ಪಕ್ಕದಿಂದ ಬರುತ್ತಿತ್ತು.

"ಎಳ್ಳು ತಗೊಳ್ಳಿ. ಅಂಗೈಲಿ ನೀರು ಹಾಕ್ಕೊಳ್ಳಿ."

ನಾನು ಪೊಟ್ಟಣ ಬಿಚ್ಚಿ ಮೇಲಿನಿಂದ ಕೈಗೆ ಉದುರಿಸಿದೆ. ಇವರು ನೀರು ಹಾಕಿಕೊಂಡವರು ಕೈ ತಡೆದರು.

"ಏನೇ ಇದು? ಎಂಥದೋ ವಾಸನೆ."

"ಸುಮ್ನೆ ಬಿಡಿ ರೀ, ಮಾತಾಡ್ಬಾರ್ದು."

"ಮಾತಾಡ್ಬಾರ್ದು ಅಂದ್ರೆ? ಘಾಟು ನೋಡು. ಎಳ್ಳಲ್ಲ ಇದು. ನಮ್ ಕ್ಯಾಂಟೀನಲ್ಲಿ ರೊಟ್ಟಿ ಮೇಲೆ ಹಾಕ್ತಾರಲ್ಲ, ಆ ಕಲೌಂಜಿ!"

ಕನ್ನಡಕ ಹಾಕಿಕೊಂಡು ನೋಡಿದೆ. ಎಳ್ಳು ಚಪ್ಪಟೆ, ಒಂದು ತುದಿ ಚೂಪು. ಇದು ಈರುಳ್ಳಿ ಬೀಜದ ಹಾಗೆ ಮೂಲೆ ಮೂಲೆ. ಹೊಟ್ಟೆನೋವು, ಎದೆನೋವು, ತಲೆನೋವು ಎಲ್ಲಕ್ಕೂ ಮದ್ದೆಂದು ಅಲ್ಲಿನವರು ಜೇನಿನಲ್ಲಿ ಕಲಸಿ ತಿನ್ನುವ ಕಾಳು. ಆ ಹಿರಿಯರು ಹೊಟ್ಟೆ, ಎದೆ, ತಲೆ ಮುಟ್ಟಿ ತೋರಿಸಿದ್ದು ಅದನ್ನು. ಪೊಟ್ಟಣ ಹಿಡಿದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತೆ.

ಫೋನಿನೊಳಗಿನಿಂದ ಭಾವ ಕೇಳಿದರು, "ಏನೋ ಅದು? ಯಾಕೆ ನಿಲ್ಸಿದ್ರಿ?"

"ಎಳ್ಳು ಬೇರೆ ಆಗ್ಬಿಟ್ಟಿದೆ ಅಣ್ಣ."

"ಎಳ್ಳು ಬೇರೆ ಅಂದ್ರೆ? ಎಂಥಾ ಮಾರಾಯ, ಅಷ್ಟು ದೊಡ್ಡ ಊರಲ್ಲಿ ಒಂದು ಹಿಡಿ ಎಳ್ಳು ತರಕ್ಕಾಗ್ಲಿಲ್ವಾ ನಿಮಗೆ?"

ಜೋಯಿಸರು ನಡುವೆ ಬಂದರು. "ಬರೀ ನೀರು ಬಿಡ್ಲಿ, ನಡೆಯುತ್ತೆ. ನಂಗೂ ಇನ್ನೊಂದು ಕಡೆ ಹೋಗೋದಿದೆ."

ಇವರು ಕೈಯಲ್ಲಿದ್ದುದನ್ನು ಪಕ್ಕಕ್ಕೆ ಚೆಲ್ಲಿ ತೊಳೆದುಕೊಂಡರು. "ಬರೀ ನೀರು ಬೇಡ ಜೋಯಿಸ್ರೇ. ಒಂದು ಗಳಿಗೆ ಕೊಡಿ," ಅಂದರು. ನನ್ನ ಕಡೆ ತಿರುಗಿ, "ಕೆಳಗಿನ ಬೇಕರಿ ಬನ್ನಿನ ಮೇಲೆ ಕಪ್ಪೆಳ್ಳು ಇರುತ್ತಲ್ಲೇ, ಕೆರೆದುಕೊಂಡು ಬಾ."

"ಬೆಂದ ಎಳ್ಳು ಪಿತೃಗಳಿಗೆ ಬರುತ್ತೇನ್ರೀ?"

"ಮತ್ತೆ ಎಲ್ಲಿಂದ ತರ್ತೀಯ ಹೇಳು!"

ಎಲ್ಲಿಂದ ತರಲಿ. ಪೇಟೆಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಆಗ ಹೊಳೆಯಿತು: ಮೇಲಿನ ಮಹಡಿಯ ತಮಿಳಿನ ಅಕ್ಕ ಪ್ರತಿ ಶನಿವಾರ ದೇವರಿಗೆ ಎಳ್ಳು ದೀಪ ಹಚ್ಚುತ್ತಾರೆ. ಕಪ್ಪು ಎಳ್ಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಎಣ್ಣೆಯಲ್ಲಿ ಉರಿಸುವ ದೀಪ. ಬೇರೆ ದಿನಗಳಲ್ಲಾದರೆ ಅದು ಮೊದಲೇ ನೆನಪಾಗುತ್ತಿತ್ತೋ ಏನೋ. ಸೂತಕದವಳು ಇನ್ನೊಬ್ಬರ ಬಾಗಿಲಿಗೆ ಹೋಗಬಾರದೆಂದು ನಾನು ಅಷ್ಟು ದಿನ ಮೆಟ್ಟಿಲ ಕಡೆಗೇ ನೋಡಿರಲಿಲ್ಲ. ಆ ದಿನ ಅದನ್ನೆಲ್ಲ ಯೋಚಿಸುತ್ತ ಕೂರಲಿಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಅವರ ಮನೆಯ ಬಾಗಿಲಿಗಿಂತ ಕೆಳಗೇ, ಮೆಟ್ಟಿಲ ಮೇಲೆ ನಿಂತು ಕೂಗಿದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಅಷ್ಟಿಷ್ಟು ತಮಿಳು ಬರುತ್ತದೆ.

"ಅಕ್ಕಾ, ಎಳ್ಳು ಇರುಕ್ಕಾ? ಕರುಪ್ಪು ಎಳ್ಳು?"

ಬಾಗಿಲು ತೆರೆದ ಅವರು ನನ್ನ ಬಿಚ್ಚಿದ ತಲೆ, ಬರಿ ಹಣೆ ನೋಡಿ ಗಾಬರಿಯಾದರು. "ಎನ್ನಮ್ಮಾ ಆಚು? ಏನಾಯ್ತು?"

ಅತ್ತೆ ಹೋದ ವಿಷಯ, ಹತ್ತನೇ ದಿನದ ವಿಷಯ ಹೇಳಿದೆ. ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ತಮ್ಮ ಅರೆಬರೆ ಕನ್ನಡದಲ್ಲಿ ಬೈಯಲು ಶುರುಮಾಡಿದರು. "ಹತ್ತು ದಿನ ನಿಮ್ ಮನೇಲಿ ಗಂಟೆ ಸತ್ತಂ ಇಲ್ಲ, ಸದ್ದೇ ಇಲ್ಲ. ಊರ್ಗೆ ಹೋದ್ರಿ ಅಂತ ನಾನು ಕೋಪ ಮಾಡ್ಕೊಂಡು ಕೂತಿದೀನಿ, ಹೇಳ್ದೆ ಹೋದ್ಳು ಅಂತ! ಕೆಳಗೇ ಇದ್ಕೊಂಡು ಒಬ್ಳೇ ಅಳ್ತೀಯಾ? ನಾನೇನು ಮನುಷಿ ಅಲ್ವಾ?"

"ಸೂತಕ ಅಕ್ಕಾ, ಹೇಗೆ ಬರ್ಲಿ?"

"ಬಾಯಿಗೆ ಏನ್ ಸೂತಕ? ಅಲ್ಲೇ ನಿಂತು ಒಂದು ಮಾತು ಸೊಲ್ಲಕ್ಕೆ ಆಗಲ್ವಾ?" ಬೈಯುತ್ತಲೇ ಒಳಗೆ ಹೋಗಿ, ಊರಿನಿಂದ ತಂದು ಇನ್ನೂ ಒಡೆಯದಿದ್ದ ಪೊಟ್ಟಣ ತಂದರು. ಎಳ್ಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನಮ್ಮಿಬ್ಬರ ನಡುವಿನ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದರು. ನಾನು ಎತ್ತಿಕೊಂಡೆ. "ಓಡು, ಓಡು. ಅವರನ್ನ ಕಾಯಿಸ್ಬೇಡ," ಅಂದರು.

ಬಾಲ್ಕನಿಗೆ ಬಂದಾಗ ಫೋನಿನಲ್ಲಿ ಚಿತ್ರ ನಿಂತುಹೋಗಿತ್ತು. ಆದರೆ ಭಾವನವರ ದನಿ ಬರುತ್ತಿತ್ತು: "ಇದೀವಿ, ಇದೀವಿ. ಜೋಯಿಸ್ರನ್ನ ಹಿಡ್ಕೊಂಡಿದೀನಿ ನಾನು. ಎಲ್ಲಿಗೂ ಬಿಡಲ್ಲ. ಎಳ್ಳು ಬಂತಾ?" ಬೈದ ಬಾಯಿಯೇ. ಆ ಮಾತಿಗೆ ಅವರ ಹಳೆಯ ಸಿಡುಕೆಲ್ಲ ನನಗೆ ಮರೆತುಹೋಯಿತು.

ಇವರು ಒದ್ದೆ ಕೈ ಚಾಚಿದರು. ಎಳ್ಳು ಅಂಗೈಯಲ್ಲಿ ಸದ್ದಿಲ್ಲದೆ ಕೂತಿತು. ಜೋಯಿಸರು ಹೇಳಿಕೊಟ್ಟ ಹಾಗೆ ಗೋತ್ರ ಹೇಳಿದರು. ಆಮೇಲೆ ಅಮ್ಮನ ಹೆಸರು. ಅಷ್ಟು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ಅತ್ತೆಯ ಹೆಸರನ್ನು ನಾನು ಕೇಳಿರಲಿಲ್ಲ. ಹೆತ್ತವಳ ಹೆಸರನ್ನು ಮಗ ಬಾಯಿಬಿಟ್ಟು ಹೇಳುವುದು ಇಂಥ ದಿನಕ್ಕೇ ಇರಬೇಕು. ಮೊದಲ ಸಲ ಅರ್ಧಕ್ಕೇ ನಿಂತಿತು. "ಇನ್ನೊಂದ್ಸಲ ಹೇಳಪ್ಪ, ಪೂರ್ತಿ ಹೇಳು," ಅಂದರು ಜೋಯಿಸರು ಮೆತ್ತಗೆ. ಇವರು ಪೂರ್ತಿ ಹೇಳಿದರು. ಹೆಬ್ಬೆರಳು ತೋರುಬೆರಳ ಸಂದಿನಿಂದ ನೀರು ಇಳಿದು ತಟ್ಟೆಗೆ ಬಿತ್ತು, ಜೊತೆಗೆ ಎಳ್ಳೂ ಬಿತ್ತು. ಹಾಗೆ ಮೂರು ಸಲ.

"ಸರಿಯಾಯ್ತಾ ಅಣ್ಣ?" ಎಂದು ಕೇಳಿದರು, ಸಣ್ಣ ಹುಡುಗನ ಹಾಗೆ.

"ಆಯ್ತು ಕಣೋ. ಸರಿಯಾಗೇ ಬಿಟ್ಟೆ. ಅಮ್ಮಂಗೆ ಹೋಯ್ತು."

ಆಗ ಇವರಿಗೆ ಅಳು ಬಂತು. ಆ ಕಡೆ ಭಾವನವರೂ ಮೂಗೊರೆಸಿಕೊಳ್ಳುವುದು ಕೇಳಿಸಿತು. ಹೊಳೆಯ ಸದ್ದು ಕೇಳಿಸಿತು. ಜೋಯಿಸರು ಅವಸರ ಮಾಡದೆ ಕಾದರು. ಇನ್ನೊಂದು ಮನೆಗೆ ಹೋಗಬೇಕಾದವರು, ಅದೂ ಒಂದು ಉಪಕಾರವೇ.

ತಟ್ಟೆಯ ನೀರನ್ನು ಗಿಡದ ಬುಡಕ್ಕೆ ಹಾಕಿ ಎಂದಿದ್ದರು. ಕೆಳಗೆ ರಸ್ತೆ ಬದಿಯಲ್ಲಿ ಒಂದು ಬೇವಿನ ಮರವಿತ್ತು, ಅದಕ್ಕೆ ಹಾಕಿ ಬಂದೆ. ಒಣಗಿದ ನೆಲ, ಒಂದೇ ಗುಟುಕಿಗೆ ಕುಡಿಯಿತು. ಮೇಲೆ ಬರುವಷ್ಟರಲ್ಲಿ ಇವರು ಮುಖ ತೊಳೆದು ಪಂಚೆ ಬದಲಾಯಿಸಿ ಚಾಪೆಯ ಮೇಲೆ ಉರುಳಿದ್ದರು. ಪಾಳಿಗೆ ಇನ್ನೂ ಹೊತ್ತಿತ್ತು. ಬಾಯಿ ಸ್ವಲ್ಪ ತೆರೆದು ಗೊರಕೆ ಹೊಡೆಯುತ್ತಿದ್ದರು. ಸುದ್ದಿ ಬಂದ ಮೇಲೆ ಅವರು ಹಾಗೆ ಗಾಢವಾಗಿ ಮಲಗಿದ್ದು ಅದೇ ಮೊದಲು. ನನಗೂ ಗೋಡೆಗೆ ಒರಗಿದರೆ ಸಾಕು ಅನ್ನಿಸುವಷ್ಟು ಸುಸ್ತು.

ಆದರೆ ಸೂತಕ ಕಳೆಯುವ ಮನೆಯಲ್ಲಿ ಹಾಸಿದ್ದು ಹೊದ್ದದ್ದು ಎಲ್ಲ ನೀರಿಗೆ ಬೀಳಬೇಕು. ಮಂಚದ ಹೊದಿಕೆ, ದಿಂಬಿನ ಚೀಲ, ಅವರು ಬಿಟ್ಟ ಒದ್ದೆ ಪಂಚೆ ಒಟ್ಟುಮಾಡಿ ಬಾಲ್ಕನಿಗೆ ತಂದೆ. ನೆಲದ ಮೇಲೆ ಚೆಲ್ಲಿದ್ದ ಕಲೌಂಜಿಯನ್ನು ಗುಡಿಸಿ ಬದಿಗೆ ಮಾಡಿದೆ. ಸೋಪಿನ ಪುಡಿ ಹಾಕಿ ಬಟ್ಟೆ ನೆನೆಸಿದೆ.